ಮೊದಲ ಸ್ಕ್ರೀನಿನ ಪ್ರಶ್ನೆ

ಎಲ್ಲ ರಗಳೆಗೂ ಮೂಲ ಒಂದೇ ಒಂದು ಸಾಲು. ಅದನ್ನು ಬರೆದವನು ಅಮರನಾಥ. ಬರೆದು ಮುಗಿಸಿದ ದಿನ ಅವನಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕು ಅನ್ನುವಷ್ಟು ಖುಷಿಯಾಗಿತ್ತು.

ಅಮರನಾಥ ತಾಂಡೂರಿನ ಹುಡುಗ. ಜಹೀರಾಬಾದಿನಲ್ಲಿ ಒಂದು ಖೋಲಿ ಹಿಡಿದು, ಬ್ಯಾನರ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ವರ್ಷಗಟ್ಟಲೆ ದುಡಿದಿದ್ದ. ಹುಟ್ಟುಹಬ್ಬದ ಮುಖಂಡರ ಬೋಳುತಲೆಗೆ ಕೂದಲು ಕೂಡಿಸುವುದು, ತೀರಿಕೊಂಡ ಅಜ್ಜಂದಿರಿಗೆ ಕೋಟು ತೊಡಿಸುವುದು, ಇವೇ ಅವನ ಕಲೆ. ಅದರಿಂದ ಬೇಸತ್ತು ಫೋನಿನಲ್ಲೇ ಪಾಠ ಕೇಳಿ ಯುಐ-ಯುಎಕ್ಸ್ ಎಂಬ ವಿದ್ಯೆ ಕಲಿತ. ಆ್ಯಪಿನಲ್ಲಿ ಯಾವ ಗುಂಡಿ ಎಲ್ಲಿರಬೇಕು, ಅದಕ್ಕೆ ಯಾವ ಬಣ್ಣ, ಒತ್ತಿದವನಿಗೆ ಏನನ್ನಿಸಬೇಕು ಎಂದೆಲ್ಲ ಯೋಚಿಸುವ ವಿದ್ಯೆ ಅದು. ಮೊದಲು ಒತ್ತುವವನನ್ನು ಅರಿತುಕೊಳ್ಳಿ ಎಂದು ಪಾಠದಲ್ಲಿ ದಿನಾ ಹೇಳುತ್ತಿದ್ದರು. ಅಮರನಾಥ ದಿನಾ ತಲೆಯಾಡಿಸುತ್ತಿದ್ದ. ತಲೆಯಾಡಿಸುವುದಕ್ಕೇನು, ಎತ್ತೂ ಆಡಿಸುತ್ತದೆ.

ಅವನಿಗೆ ಕೆಲಸ ಕೊಟ್ಟವರು ಶಿವಶಂಕರಪ್ಪ ಸಾವ್ಕಾರರು. ಜಹೀರಾಬಾದಿನಿಂದ ಒಂದು ಕಡೆ ನಾರಾಯಣಖೇಡಕ್ಕೆ, ಇನ್ನೊಂದು ಕಡೆ ತಾಂಡೂರಿಗೆ ಅವರ ಜೀಪುಗಳು ಓಡುತ್ತವೆ. ಜೀಪು ತುಂಬಿದ ಮೇಲೆಯೇ ಬಿಡಬೇಕೆಂಬುದು ಅವರ ಕಾಯಿದೆ. ತುಂಬುವವರೆಗೆ ಕಾಯಲಾರೆವು ಎಂಬುದು ಜನರ ಕಾಯಿದೆ. ಹೀಗಾಗಿ ಅರ್ಧ ತುಂಬಿದ ಜೀಪಿನಿಂದ ಜನ ಇಳಿದು ಪಕ್ಕದಲ್ಲಿ ಬಂದು ನಿಂತ ಸರ್ಕಾರಿ ಬಸ್ಸು ಹತ್ತುತ್ತಿದ್ದರು, ಸಾವ್ಕಾರರು ಹಲ್ಲು ಕಡಿಯುತ್ತಿದ್ದರು. ಪಟ್ಟಣದಲ್ಲಿ ಜನ ಫೋನು ಮುಟ್ಟಿ ಗಾಡಿ ಕರೆಯುತ್ತಾರೆಂದು ಯಾರೋ ಹೇಳಿದ್ದನ್ನು ಕೇಳಿ, ಹಾಗೆ ಮಾಡಿದರಾದರೂ ಜೀಪು ತುಂಬೀತು ಎಂಬ ಆಸೆಯಿಂದ ಅಮರನಾಥನಿಗೆ ಆ್ಯಪು ಮಾಡಲು ಹೇಳಿದ್ದರು.

ಆ ಬೆಳಿಗ್ಗೆ ಅದರ ಪರೀಕ್ಷೆ. ಜೀಪ್ ಸ್ಟ್ಯಾಂಡಿನ ಬೇವಿನ ಮರಕ್ಕೆ ಹಲಗೆ ಹೊಡೆದು, ಹಲಗೆಗೆ ಒಂದು ಟ್ಯಾಬು ಕಟ್ಟಿ, ಮೇಲೊಂದು ಸ್ಪೀಕರ್ ತೂಗಿಬಿಟ್ಟಿದ್ದರು. ಸಾವ್ಕಾರರು ಖೇಡಕ್ಕೆ ಹೊರಟು ನಿಂತವರು ಅಮರನಾಥನನ್ನು ಹತ್ತಿರ ಕರೆದರು.

"ಸಂಜಿಗಿ ನಾ ಬರೋದ್ರೊಳಗ ಸವಾರಿಗೋಳು ತಾವೇ ಮುಟ್ಟಿ ಸೀಟ್ ಹಿಡೀಬೇಕು, ಜೀಪ್ ತುಂಬಬೇಕು. ತುಂಬಿದ್ರ ನಿನ್ನ ನೌಕರಿ ಕಾಯಂ. ಇಲ್ಲಂದ್ರ ನಾಳಿಂದ ನೀ ನಿನ್ನ ಬ್ಯಾನರ್ ಅಂಗಡಿ ನೋಡ್ಕೋ."

ಬ್ಯಾನರ್ ಅಂಗಡಿಯವನು ಆಗಲೇ ಬೇರೆಯವನನ್ನು ಕೂರಿಸಿಕೊಂಡಿದ್ದ. ಅದಾದರೂ ಹೋಗಲಿ ಅನ್ನಬಹುದಿತ್ತು. ಆದರೆ ಮೊಗುಡಂಪಲ್ಲಿಯ ಕಲ್ಯಾಣಪ್ಪನವರು ತಮ್ಮ ಮಗಳು ಮಾಧುರಿಯನ್ನು ಕೊಡುವ ಮಾತು ಬಂದಾಗ, ಬ್ಯಾನರ್ ಕೆಲಸ ಚುನಾವಣೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ, ನೌಕರಿ ಕಾಯಂ ಆದ ದಿನ ಫೋನು ಮಾಡಿ ಎಂದು ಹೇಳಿ ಕಳಿಸಿದ್ದರು. ಹೆಣ್ಣು ನೋಡಲು ಹೋದಾಗ ಮಾಧುರಿ ಅವನನ್ನು ಒಂದೇ ಒಂದು ಮಾತು ಕೇಳಿದ್ದಳು. ನಿಮ್ಮ ಆ್ಯಪಿನಲ್ಲಿ ತಪ್ಪು ಗುಂಡಿ ಒತ್ತಿದರೆ ವಾಪಸು ಬರಲು ದಾರಿ ಇದೆಯೇ ಎಂದು. ಪಾಠ ಹೇಳಿದ ಮೇಷ್ಟರನ್ನು ಬಿಟ್ಟರೆ ಇಂಥ ಪ್ರಶ್ನೆ ಕೇಳಿದ ಮನುಷ್ಯಪ್ರಾಣಿಯನ್ನು ಅಮರನಾಥ ಕಂಡಿರಲಿಲ್ಲ. ಅಂದಿನಿಂದ ಅವನಿಗೆ ಅವಳಲ್ಲದೆ ಬೇರೆ ಯಾರೂ ಬೇಡವಾಗಿತ್ತು. ಹಾಗಾಗಿ ಆ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಅವನು ಟ್ಯಾಬಿನ ಪರದೆಯನ್ನು ಮತ್ತೆ ಮತ್ತೆ ಒರೆಸುತ್ತಿದ್ದ.

ಅಡ್ಡಗಾಲು ಹಾಕಲು ಬಕ್ಕಪ್ಪನಿದ್ದ. ಜೀಪಿನ ಬಾಗಿಲು ಹಿಡಿದು "ಖೇಡ್, ಖೇಡ್, ಖೇಡ್" ಎಂದು ಕೂಗಿ ಜನ ತುಂಬುವುದು ಅವನ ಕಸುಬು. ಜೀಪಿಗೆ ಬೋರ್ಡಿಲ್ಲ, ಬಕ್ಕಪ್ಪನ ಗಂಟಲೇ ಬೋರ್ಡು. ಯುಐ ಎಂದರೇನು, ಯುಎಕ್ಸ್ ಎಂದರೇನು ಎಂದು ಅವನು ಕೇಳಿದ. ಒಂದು ಕಣ್ಣಿಗೆ ಕಾಣುವುದು, ಇನ್ನೊಂದು ಬಳಸುತ್ತ ಹೋದ ಹಾಗೆ ಅನುಭವಕ್ಕೆ ಬರುವುದು ಎಂದು ಅಮರನಾಥ ವಿವರಿಸಿದ. ಬಕ್ಕಪ್ಪ ಎಲೆಅಡಿಕೆ ಜಗಿಯುತ್ತ ಸ್ವಲ್ಪ ಯೋಚಿಸಿದ.

"ಅಂದ್ರ ಯುಐ ಅಂದ್ರ ಹೆಣ್ಣು ನೋಡೋದು, ಯುಎಕ್ಸ್ ಅಂದ್ರ ಸಂಸಾರ ಮಾಡೋದು. ಇಷ್ಟಕ್ಕ ಪರೀಕ್ಷಾ ಬ್ಯಾರೆ ಕೊಟ್ಟಿದ್ದೇನು?"

ಪರೀಕ್ಷೆ ನಡೆಯುವಾಗ ಬಳಸುವವರಿಗೆ ಯಾರೂ ಏನೂ ಹೇಳಿಕೊಡಬಾರದು ಎಂಬುದು ಆ ವಿದ್ಯೆಯ ನಿಯಮ. ಆದ್ದರಿಂದ ಇವತ್ತೊಂದು ದಿನ ಕೂಗಬೇಡಿ ಎಂದು ಅಮರನಾಥ ಕೈಮುಗಿದು ಬೇಡಿಕೊಂಡ. ಬಕ್ಕಪ್ಪ ಹಾಗೇ ಆಗಲಿ ಎಂದು ಪ್ರೇಮಲಾಳ ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತ. ಅವನ ಮುಖದಲ್ಲಿ ನಾಟಕ ನೋಡಲು ಮುಂದಿನ ಸಾಲು ಸಿಕ್ಕಿದವನ ಸಮಾಧಾನವಿತ್ತು.

ಮೊದಲು ಬಂದವಳು ಕಾಂತಾಬಾಯಿ. ಖೇಡದಲ್ಲಿರುವ ಬಾಣಂತಿ ಮಗಳಿಗೆ ಅಂಟಿನುಂಡೆ ಕಟ್ಟಿಕೊಂಡು, ತಲೆ ತುಂಬ ಸೆರಗು ಹೊದ್ದು ಹೊರಟಿದ್ದಳು. ಅಮರನಾಥ ಟ್ಯಾಬನ್ನು ತೋರಿಸಿ ನಕ್ಕ. ಕಾಂತಾಬಾಯಿ ಒಂದು ಬೆರಳು ಮುಂದೆ ಮಾಡಿ ಮುಟ್ಟಿದಳು. ಪರದೆ ಹಸಿರಾಗಿ ಬೆಳಗಿತು. ದುಂಡನೆಯ ಅಕ್ಷರದಲ್ಲಿ ಆ ಸಾಲು ಮೂಡಿತು. ಓದು ಬಾರದವರಿಗೂ ತಿಳಿಯಲಿ ಎಂದು ಅಮರನಾಥ ತನ್ನದೇ ದನಿಯಲ್ಲಿ ಅದನ್ನು ತುಂಬಿಸಿದ್ದ. ಸ್ಪೀಕರು ಇಡೀ ಸ್ಟ್ಯಾಂಡಿಗೆ ಕೇಳುವಂತೆ, ನೆರೆಮನೆಯವನ ಸಲಿಗೆಯಿಂದ ಕೇಳಿತು:

"ಎಲ್ಲಿಗಿ ಹೊಂಟೀರಿ?"

ಕಾಂತಾಬಾಯಿ ಕಾದ ಹಂಚು ಮುಟ್ಟಿದವಳಂತೆ ಕೈ ಹಿಂದೆಗೆದುಕೊಂಡಳು. ಗಂಟನ್ನು ನೆಲಕ್ಕಿಟ್ಟಳು. ಮರದ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆದಳು. ಆಮೇಲೆ ಪ್ರೇಮಲಾಳನ್ನು ಕರೆದು ಒಂದು ತಂಬಿಗೆ ನೀರು ಕೇಳಿದಳು.

ಆಗ ಹೊಳೆಯಿತು ಅಮರನಾಥನಿಗೆ. ಹೊರಟವರನ್ನು ಎಲ್ಲಿಗೆಂದು ಕೇಳಬಾರದು. ಈ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ. ಕೇಳಿದರೆ ಹೋದ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಕೂತು, ನೀರು ಕುಡಿದು, ಸುಧಾರಿಸಿಕೊಂಡು ಮತ್ತೆ ಹೊಸದಾಗಿ ಹೊರಡಬೇಕು. ಅವನ ತಾಯಿ ಇವತ್ತಿಗೂ ಅವನನ್ನು ಆ ಮಾತು ಕೇಳಿದವಳಲ್ಲ. ಅವನೂ ಯಾರನ್ನೂ ಕೇಳಿದವನಲ್ಲ. ಆದರೆ ಪಾಠದಲ್ಲಿ ತೋರಿಸಿದ ಪಟ್ಟಣದ ಆ್ಯಪುಗಳೆಲ್ಲ ಮೊದಲ ಸ್ಕ್ರೀನಿನಲ್ಲಿ ಅದನ್ನೇ ಕೇಳುತ್ತಿದ್ದವು. ಮನುಷ್ಯ ಕೇಳಬಾರದ್ದನ್ನು ಫೋನೂ ಕೇಳಬಾರದು ಎಂದು ಅವನಿಗೆ ತೋಚಿರಲೇ ಇಲ್ಲ.

ಅವನು ಓಡಿಹೋಗಿ ಕಾಂತಾಬಾಯಿಯ ಮುಂದೆ ಕೂತ. ಕೇಳಿದ್ದು ಮನುಷ್ಯರಲ್ಲ, ಯಂತ್ರ ಎಂದು ಸಮಾಧಾನ ಹೇಳಿದ.

"ಯಂತ್ರಕ್ಕ ಬುದ್ಧಿ ಇಲ್ಲ, ಖರೆ. ಬಾಳಂತಿ ಕಡಿ ಹೊಂಟಾಕಿಗಿ ಹಂಗ ಕೇಳಂತ ಅದಕ್ಕ ಕಲಿಸಿದಾವನಿಗರ ಇರಬೇಕಿತ್ತಲ್ಲ ತಮ್ಮಾ," ಎಂದಳು ಕಾಂತಾಬಾಯಿ. ಸಿಟ್ಟಿನಿಂದಲ್ಲ, ಮರುಕದಿಂದ. ಅದು ಇನ್ನೂ ಚುಚ್ಚಿತು.

ಅಷ್ಟಕ್ಕೇ ಮುಗಿಯಲಿಲ್ಲ. ಖೇಡದ ಜೀಪಿನಲ್ಲಿ ಆಗಲೇ ಕೂತಿದ್ದ ನಾಲ್ಕಾರು ಜನ ಒಬ್ಬೊಬ್ಬರಾಗಿ ಇಳಿಯತೊಡಗಿದರು. ತಾಂಡೂರಿನ ತಂಗಿಯ ಮನೆಗೆ ಹೊರಟಿದ್ದ ಆತ್ಮಾರಾಮ ಎಂಬ ರೈತ, ಪಕ್ಕದ ತಾಂಡೂರಿನ ಜೀಪಿನಿಂದ ಇಳಿದು ಟವೆಲ್ಲು ಹಾಸಿಕೊಂಡು ಕೂತೇಬಿಟ್ಟ. ಕೇಳಿದ್ದು ಆ ಹೆಣ್ಣುಮಗಳನ್ನು, ನಿಮ್ಮನ್ನಲ್ಲ ಎಂದು ಅಮರನಾಥ ಅಂಗಲಾಚಿದ. ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೇಳಿದರೆ ಅದು ಯಾರಿಗೆ ಹತ್ತುತ್ತದೆ ಎಂದು ಯಾರು ಹೇಳಬೇಕು ಎಂದು ಆತ್ಮಾರಾಮ ಕೇಳಿದ. ಮಾತು ನ್ಯಾಯವಾಗಿತ್ತು. ಪಕ್ಕದಲ್ಲಿ ನಿಂತಿದ್ದ ಸರ್ಕಾರಿ ಬಸ್ಸಿನವರಿಗೂ ಅದು ನ್ಯಾಯವೆನಿಸಿರಬೇಕು. ಕಿಟಕಿಯಿಂದ ಇಣುಕಿದವರು ಬಾಗಿಲಿನಿಂದ ಇಳಿದರು. ಕಂಡಕ್ಟರ್ ಸೀಟಿ ಊದಿದ್ದೇ ಊದಿದ್ದು. ನೀರು ಕುಡಿಯುವವರ ಸಾಲು ಪ್ರೇಮಲಾಳ ಕೊಡದಿಂದ ರಸ್ತೆಯವರೆಗೆ ಬೆಳೆಯಿತು.

ಅಮರನಾಥನ ಕಣ್ಣಿಗೆ ಕಂಡದ್ದು ಒಂದೇ. ಸ್ಟ್ಯಾಂಡಿನ ತುಂಬ ಕೂತ ಜನ, ಎಲ್ಲರೂ ತನ್ನನ್ನೇ ನೋಡುತ್ತಿರುವ ಜನ. ಬಸ್ಸು ಯಾವಾಗ ಹೋಯಿತು, ಕೂತವರು ಸುಧಾರಿಸಿಕೊಂಡು ಎದ್ದು ಯಾವ ಗಾಡಿ ಹತ್ತಿದರು ಎಂಬುದನ್ನು ನೋಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಸ್ಪೀಕರಿನ ದನಿ ಆರಿಸಿದ. ದನಿ ಹೋದರೆ ಪೀಡೆ ಹೋಯಿತು ಎಂದುಕೊಂಡ.

ಆದರೆ ಅಕ್ಷರ ಉಳಿದಿತ್ತಲ್ಲ. ಮುಂದಿನ ಜೀಪಿಗೆ ಜನ ಸೇರಿದಾಗ ಒಬ್ಬ ಮುದುಕ ಟ್ಯಾಬನ್ನು ಮುಟ್ಟಿ, ಏನು ಬರೆದಿದೆ ಎಂದು ಅಕ್ಕಪಕ್ಕ ನೋಡಿದ. ಓದು ಬಲ್ಲವನೆಂಬ ಹೆಮ್ಮೆ ಆತ್ಮಾರಾಮನಿಗೆ ಮೊದಲಿನಿಂದಲೂ ಸ್ವಲ್ಪ ಜಾಸ್ತಿ. ಅವನು ಎದ್ದು ಬಂದು, ಗಂಟಲು ಸರಿಮಾಡಿಕೊಂಡು, ಯುಗಾದಿಯ ದಿನ ಪಂಚಾಂಗ ಓದುವವರ ಹಾಗೆ ಓದಿದ. ಓದಿ ಮುಗಿಸಿದ ಮೇಲೆ ತಾನೇನು ಓದಿದೆ ಎಂದು ಅವನಿಗೆ ಅರ್ಥವಾಗಿ, ಎಲ್ಲರಿಗಿಂತ ಮೊದಲು ತಾನೇ ಕೂತುಬಿಟ್ಟ. ಉಳಿದವರು ಅವನ ಹಿಂದೆ ಕೂತರು. ಅಷ್ಟು ಹೊತ್ತಿಗೆ ಬಂದ ಇನ್ನೊಂದು ಬಸ್ಸಿನವರಿಗೂ ಆ ಓದು ಕೇಳಿಸಿತು.

ತೆಲುಗಿಗೆ ಬದಲಾಯಿಸಿ ನೋಡಿದ, ದಖ್ಖನಿ ಉರ್ದುವಿಗೆ ಬದಲಾಯಿಸಿ ನೋಡಿದ. ಭಾಷೆ ಮೂರಾದರೂ ಅಪಶಕುನ ಒಂದೇ ಆಗಿತ್ತು.

ಪ್ರಶ್ನೆಯೇ ಬೇಡ ಎಂದು ಅಮರನಾಥ ನಿರ್ಧರಿಸಿದ. ಮಾತಿಗಿಂತ ಚಿತ್ರ ಮೇಲು ಎಂದೂ ಪಾಠದಲ್ಲಿ ಹೇಳಿದ್ದರು. ಮರದ ಬುಡದಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಊರಿಗೊಂದು ಗುರುತು ಬರೆದ. ನಾರಾಯಣಖೇಡಕ್ಕೆ ಜೋಳದ ತೆನೆ. ತನ್ನೂರು ತಾಂಡೂರಿಗೆ ಅಲ್ಲಿಯ ಹೆಸರಾದ ಪರ್ಸಿಕಲ್ಲು. ಬೂದುಬಣ್ಣದ ಒಂದು ಹಾಸುಗಲ್ಲನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಊರಿನ ಹೆಸರು ಕೆತ್ತಿದಂತೆ ಬರೆದ. ಅಂದವಾಗಿಯೇ ಬಂದಿತ್ತು. ಬ್ಯಾನರ್ ಅಂಗಡಿಯ ಕೈ ಎಲ್ಲಿ ಹೋಗುತ್ತದೆ?

ಈ ಸಲ ಯಾರೂ ಕೂರಲಿಲ್ಲ. ಯಾರೂ ಮುಟ್ಟಲೂ ಇಲ್ಲ. ಬಂದವರು ನೋಡಿ, ಚಪ್ಪಲಿ ಬಿಟ್ಟು, ಕೈ ಮುಗಿದು, ದೂರ ಸರಿದರು. ಒಬ್ಬಳು ಹೆಣ್ಣುಮಗಳು ಹಲಗೆಯ ಕೆಳಗೆ ಒಂದು ಹೂವಿಟ್ಟು ಹೋದಳು. ಅಮರನಾಥನಿಗೆ ತಲೆಬುಡ ತಿಳಿಯಲಿಲ್ಲ. ಬಕ್ಕಪ್ಪ ಬೆಂಚಿನಿಂದೆದ್ದು ಬಂದು, ಪರದೆಯನ್ನೂ ಅವನ ಮುಖವನ್ನೂ ಒಂದು ಸಲ ನೋಡಿದ.

"ಪೈಲೆ ಎಲ್ಲಿಗಿ ಅಂತ ಕೇಳ್ದಿ. ಈಗ ಸೀದಾ ಸಮಾಧಿ ತೋರಸಾಕತ್ತಿದಿ. ಮ್ಯಾಲ ಹೆಸರು ಬ್ಯಾರೆ ಬರ್ದಿ. ಬದುಕಿ ಊರು ಮುಟ್ಟೋದು ಬ್ಯಾಡೇನಪ್ಪ ಜನ?"

ಅಮರನಾಥ ಪರದೆ ನೋಡಿದ. ಬೂದು ಕಲ್ಲು, ಮೇಲೆ ಹೆಸರು, ಈಗ ಕೆಳಗೆ ಹೂವು. ಅವನಿಗೆ ಅಳು ಬಂದ ಹಾಗಾಯಿತು. ಸೂರ್ಯ ನೆತ್ತಿಗೆ ಬಂದಿದ್ದ. ಇಷ್ಟು ಹೊತ್ತಿನಲ್ಲಿ ಒಬ್ಬನೇ ಒಬ್ಬ ಮನುಷ್ಯ ಆ್ಯಪಿನಿಂದ ಸೀಟು ಹಿಡಿದಿರಲಿಲ್ಲ. ಕಲ್ಯಾಣಪ್ಪನವರು ಮಗಳಿಗೆ ಬೇರೆ ಗಂಡು ನೋಡುವುದು, ತಾನು ಮತ್ತೆ ಯಾರದೋ ಬೋಳುತಲೆಗೆ ಕೂದಲು ಕೂಡಿಸುವುದು, ಆ ಮದುವೆಯ ಬ್ಯಾನರನ್ನೂ ತಾನೇ ಮಾಡುವುದು, ಎಲ್ಲ ಕಣ್ಣ ಮುಂದೆ ಬಂತು. ಮದುವೆಯ ಬ್ಯಾನರಿಗೆ ಯಾವ ಬಣ್ಣ ಹಾಕಬೇಕು ಎಂಬಲ್ಲಿಗೆ ಯೋಚನೆ ಹೋದಾಗ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಪ್ರೇಮಲಾಳಿಗೆ ಅವನನ್ನು ನೋಡಿ ಪಾಪ ಅನ್ನಿಸಿತು. ಚಹಾ ಕೊಟ್ಟು ಹತ್ತಿರ ಕೂತಳು.

"ಹೊಂಟವ್ರಿಗಿ ಎಲ್ಲಿಗಿ ಅಂತ ಯಾರರ ಕೇಳ್ತಾರೇನು? ದೂರ ಹೊಂಟೀರೇನು ಅಂತ ಕೇಳಬೇಕು. ಅವರು ಹ್ಞೂಂ ಅಂತಾರ. ಇಬ್ಬರಿಗೂ ಸಮಾಧಾನ."

ಅಮರನಾಥ ಚಹಾ ಅಲ್ಲೇ ಬಿಟ್ಟು ಓಡಿದ. ಬಳಸುವವರ ಬಾಯಿಂದಲೇ ಮಾತು ಕಲಿಯಬೇಕೆಂಬ ಪಾಠ ಈಗ ಅವನಿಗೆ ನಿಜವಾಗಿ ತಲೆಗೆ ಹೋಗಿತ್ತು. ಹಸಿರು ಪರದೆ, ದುಂಡನೆಯ ಅಕ್ಷರ, "ದೂರ ಹೊಂಟೀರೇನು?" ಕೆಳಗೆ ಎರಡೇ ಗುಂಡಿ, ಹೌದು, ಇಲ್ಲ. ಹೌದು ಎಂದರೆ ಸಾಲಿನಲ್ಲಿ ಮುಂದಿರುವ ಜೀಪಿನಲ್ಲಿ ಸೀಟು. ಇದಕ್ಕಿಂತ ಸರಳವಾದದ್ದು ಜಗತ್ತಿನಲ್ಲಿ ಇರಲಾರದು ಎನ್ನಿಸಿತು. ದನಿಯನ್ನೂ ಹೊಸದಾಗಿ ತುಂಬಿಸಿ ಸ್ಪೀಕರ್ ಹಚ್ಚಿದ.

ಜನ ನಕ್ಕರು. ಎಂಥ ಮರ್ಯಾದಸ್ಥ ಯಂತ್ರ ಎಂದರು. ಹೌದು ಒತ್ತಿದರು. ಒತ್ತಿದ ಮೇಲೆ ಟಿಂಗ್ ಎಂದು ಗಂಟೆ ಬಾರಿಸಿ ಹಸಿರು ಟಿಕ್ಕು ಬಂದರೆ ಮತ್ತೂ ಖುಷಿಪಟ್ಟರು. ಚಹಾಕ್ಕೆ ಬಂದವರೂ ಸರತಿಯಲ್ಲಿ ನಿಂತು ಇಲ್ಲ ಒತ್ತಿ ಹೋದರು. ರಾಹುಕಾಲ ಮುಗಿಯಲಿ ಎಂದು ಕೂತಿದ್ದ ಆತ್ಮಾರಾಮ ಎದ್ದು ಬಂದು, ಜೋರಾಗಿ ಓದಿ, ಜೋರಾಗಿ ಹೌದು ಎಂದು ಹೇಳಿ ಒತ್ತಿದ. ಜೀಪು ನೋಡನೋಡುತ್ತಲೇ ತುಂಬಿತು, ಧೂಳೆಬ್ಬಿಸಿ ಹೊರಟಿತು. ಅಮರನಾಥ ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರು ಬಿಟ್ಟ. ಬಕ್ಕಪ್ಪನ ಕಡೆ ನೋಡಿ ಒಂದು ನಗೆಯನ್ನೂ ನಕ್ಕ. ಬಕ್ಕಪ್ಪ ನಗಲಿಲ್ಲ, ಏನೋ ಹೇಳಲು ಬಾಯಿ ತೆರೆದು, ತಾನು ಸುಮ್ಮನಿರಬೇಕೆಂಬ ಕರಾರು ನೆನಪಾಗಿ ಮುಚ್ಚಿಕೊಂಡ.

ಸಾಲಿನಲ್ಲಿ ಮುಂದಿದ್ದದ್ದು ಖೇಡದ ಜೀಪು. ಹೌದು ಎಂದವರಲ್ಲಿ ಅರ್ಧ ಜನ ತಾಂಡೂರಿಗೆ ಹೊರಟವರು. ಒಂದು ಊರು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಬಕ್ಕಪ್ಪ ಕೂಗಿರಲಿಲ್ಲ, ಗಾಡಿಗೆ ಬೋರ್ಡಿರಲಿಲ್ಲ, ಯಂತ್ರ ಕೇಳಿರಲಿಲ್ಲ. ಪಕ್ಕದಲ್ಲಿ ಕೂತವರನ್ನು ಎಲ್ಲಿಗೆಂದು ಕೇಳುವಷ್ಟು ಕೆಟ್ಟ ಬುದ್ಧಿ ಆ ಜೀಪಿನಲ್ಲಿ ಯಾರಿಗೂ ಇರಲಿಲ್ಲ. ಡ್ರೈವರನೂ ಮರ್ಯಾದಸ್ಥ. ಊರು ದಾಟಿ ಬಹಳ ದೂರ ಹೋದ ಮೇಲೆ ಒಬ್ಬಿಬ್ಬರಿಗೆ ದಾರಿಯ ಗುರುತು ಸಿಗದೆ ಅನುಮಾನ ಹುಟ್ಟಿತು. ಆತ್ಮಾರಾಮನಿಗೆ ಅದೂ ಹುಟ್ಟಲಿಲ್ಲ, ಏಕೆಂದರೆ ಅವನು ಗಾಡಿ ಹತ್ತಿದ ಕೂಡಲೇ ನಿದ್ದೆ ಮಾಡುವವನು. ಡ್ರೈವರನ ಫೋನು ಬಂದಾಗ ಅಮರನಾಥನಿಗೆ ಹಿಂದಿನ ದನಿಗಳೆಲ್ಲ ಕೇಳಿಸಿದವು. ತಾಂಡೂರಿನವರೆಲ್ಲ ಖೇಡದಲ್ಲಿ ಇಳಿದು ಜೀಪನ್ನು ಸುತ್ತುಗಟ್ಟಿ ನಿಂತಿದ್ದರು. ಡ್ರೈವರ್ ಕೊನೆಗೆ ಇನ್ನೊಂದು ಮಾತು ಹೇಳಿದ. ಸಾವ್ಕಾರರು ಅಲ್ಲೇ ಇದ್ದಾರೆ, ಎಲ್ಲ ನೋಡುತ್ತಿದ್ದಾರೆ ಎಂದು.

ಆಮೇಲಿನ ಹೊತ್ತು ಹೇಗೆ ಕಳೆಯಿತು ಎಂದು ಅಮರನಾಥನನ್ನು ಕೇಳಿದರೆ ಅವನಿಗೆ ಹೇಳಲು ಬಾರದು. ಸ್ಪೀಕರ್ ಬಿಚ್ಚಿದ. ಟ್ಯಾಬನ್ನು ಬಟ್ಟೆಯಲ್ಲಿ ಸುತ್ತಿದ. ಸಾವ್ಕಾರರು ಬಯ್ಯುವ ಮೊದಲೇ ತಾನೇ ಬಿಟ್ಟೆ ಅಂದರೆ ಮಾನವಾದರೂ ಉಳಿದೀತೇ ಎಂದು ಲೆಕ್ಕ ಹಾಕಿದ. ಮಾಧುರಿಗೆ ಏನು ಹೇಳುವುದು ಎಂಬಲ್ಲಿ ಮಾತ್ರ ಲೆಕ್ಕ ನಿಂತುಬಿಡುತ್ತಿತ್ತು. ಸಂಜೆಗೆ ಖೇಡದ ಜೀಪು ಬಂದು ನಿಂತಿತು. ಮುಂದಿನ ಸೀಟಿನಿಂದ ಶಿವಶಂಕರಪ್ಪ ಸಾವ್ಕಾರರು ಇಳಿದರು. ಅವರ ಹಿಂದೆಯೇ ಆತ್ಮಾರಾಮ ಇಳಿದ.

ಸಾವ್ಕಾರರು ಬೆಂಚಿನ ಮೇಲೆ ಕೂತು, ಚಹಾ ತರಿಸಿ, ಬಶಿಗೆ ಸುರುವಿಕೊಂಡು ನಿಧಾನವಾಗಿ ಕುಡಿದರು. ಅಮರನಾಥ ಕೈ ಕಟ್ಟಿ ನಿಂತ. ತಪ್ಪಾಯಿತು, ನಾನೇ ಬಿಡುತ್ತೇನೆ ಎಂದು ಶುರುಮಾಡಿದ. ಸಾವ್ಕಾರರು ಕೈ ಎತ್ತಿ ತಡೆದರು.

"ಮುಂಜಾನಿ ಆ ಡಬ್ಬಿ ಏನೋ ಕೇಳ್ತಿತ್ತಂತಲ್ಲ. ಅದನ್ನ ಯಾಕ ತಗದಿ?"

ಜನ ಕೂತುಬಿಟ್ಟರು, ಒಬ್ಬರೂ ಸೀಟು ಹಿಡಿಯಲಿಲ್ಲ, ಅಪಶಕುನ ಎಂದರು ಎಂದು ಅಮರನಾಥ ಒಂದೇ ಉಸಿರಿನಲ್ಲಿ ಹೇಳಿದ.

"ಖೇಡಿನಾಗ ನಾ ನಿಂತು ನೋಡೀನಿ. ಮುಂಜಾನಿ ನಮ್ಮ ಎರಡೂ ಜೀಪ್ ಒಳಗ ಹೊರಗ ತುಂಬಿ ಬಂದ್ವು. ಅವಕ್ಕಿಂತ ಮುಂದ ಬಸ್ ಬಂದಿತ್ತು, ಅದ್ರಾಗ ಡ್ರೈವರ್ ಕಂಡಕ್ಟರ್ ಇಬ್ಬರೇ. ನನಗ ತಲಿ ಕೆಟ್ಟೋತು. ಕಾಂತಾಬಾಯಿಗಿ ಕೇಳ್ದೆ, ಯಾಕವ್ವ ಎಲ್ಲಾರೂ ಜೀಪಿಗೇ ಬಂದ್ರಿ ಅಂತ. ಬಸ್ನಾಗ ಕುಂತವರು ಇಳದು ಕುಂತ್ರು, ನೀರು ಕುಡದು ಏಳೋದ್ರೊಳಗ ಬಸ್ ಹೋಗಿತ್ತು, ಮುಂದ ನಿಮ್ಮ ಜೀಪೇ ಇತ್ತು ಅಂದಳು."

ಅಮರನಾಥನಿಗೆ ಕಾಲ ಕೆಳಗಿನ ನೆಲ ಮತ್ತೆ ಗಟ್ಟಿಯಾಯಿತು. ಬೆಳಗಿನಿಂದ ತಾನು ಸೋಲೆಂದುಕೊಂಡಿದ್ದು ಗೆಲುವಾಗಿತ್ತು. ಕಣ್ಣಲ್ಲಿ ನೀರೇ ಬಂತು. ಹಾಗಾದರೆ ಮೊದಲ ಸ್ಕ್ರೀನನ್ನೇ ಉಳಿಸೋಣ, ಬಣ್ಣ ಸ್ವಲ್ಪ ಬದಲಿಸೋಣ, ಅಕ್ಷರ ಇನ್ನೂ ದೊಡ್ಡದು ಮಾಡೋಣ ಎಂದು ಬಟ್ಟೆ ಬಿಚ್ಚಿ ಟ್ಯಾಬು ತೆಗೆಯಹೋದ. ಸಾವ್ಕಾರರು ಬಶಿ ಕೆಳಗಿಟ್ಟರು.

"ಮಷೀನ್ ಬ್ಯಾಡ. ಅದು ಮರ ಬಿಟ್ಟು ಅಳ್ಳಾಡಂಗಿಲ್ಲ, ಬಸ್ ಆಚಿಕಡಿ ನಿಂತ್ರ ಕೇಳ್ಸಂಗಿಲ್ಲ. ಅದ್ರಾಗಿನ ದನಿ ನಿಂದೇ ಅಲ್ಲೇನು? ನೀನೇ ಹೋಗು. ಬಸ್ಸಿನ ಬಾಗಲದಾಗ ನಿಂತು ಹತ್ತಾವ್ರಿಗಿ ಒಬ್ಬೊಬ್ಬರಿಗೇ ನಕ್ಕೋತ ಕೇಳು. ಅಷ್ಟೇ ಕೆಲಸ."

ತಾನು ಡಿಸೈನರ್ ಎಂದು ಅಮರನಾಥ ತೊದಲಿದ. ಅದಕ್ಕೇ ನಿನಗೆ ಹೇಳುತ್ತಿರುವುದು ಎಂದರು ಸಾವ್ಕಾರರು. ಬಕ್ಕಪ್ಪ ಕೇಳಿದರೆ ಧಂಧೆಯ ಮಾತು ಎಂದು ಜನ ಹಿಡಿಯುತ್ತಾರೆ, ಇಸ್ತ್ರಿ ಷರ್ಟು ಹಾಕಿಕೊಂಡ ಕಲಿತ ಹುಡುಗ ಕೇಳಿದರೆ ಪಾಪ ತಿಳಿಯದೆ ಕೇಳಿದ ಎಂದುಕೊಳ್ಳುತ್ತಾರೆ, ಬಯ್ಯುವುದೂ ಇಲ್ಲ, ಕೂರದೇ ಬಿಡುವುದೂ ಇಲ್ಲ. ಅವರ ಲೆಕ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ.

"ನಿನ್ನ ನೌಕರಿ ಇವತ್ತಿಂದ ಕಾಯಂ. ನಾಳಿ ಮುಂಜಾನಿ ತಾಂಡೂರ್ ಬಸ್ಸಿಂದ ಸುರು ಮಾಡು. ನಾ ಇಲ್ಲೇ ಕುಂತು ನೋಡ್ತೀನಿ. ಒಬ್ಬರಿಗಿ ಬಿಟ್ರೂ ನೌಕರಿ ಹೋತು ಅಂತ ತಿಳ್ಕೋ."

ಸಾವ್ಕಾರರು ಹೋದ ಮೇಲೆ ಅಮರನಾಥ ಕಟ್ಟೆಯ ಮೇಲೆ ಕೂತ. ಕಲಿತ ವಿದ್ಯೆಯೆಲ್ಲ ಕೊನೆಗೆ ಹೊರಟವರ ದಾರಿಗೆ ಅಡ್ಡ ಬರುವ ಬೆಕ್ಕಿನ ಕೆಲಸಕ್ಕೆ ಬಂತಲ್ಲ ಎಂದು ನಾಚಿಕೆಯಾಯಿತು. ಆದರೂ ಕಾಯಂ ಎಂಬ ಮಾತು ಕಿವಿಯಲ್ಲಿ ಸವಿಯಾಗಿಯೇ ಇತ್ತು. ಕೆಲಸ ಏನಾದರೇನು, ಕಲ್ಯಾಣಪ್ಪನವರು ಕೇಳಿದ್ದು ಕಾಯಂ ಹೌದೋ ಅಲ್ಲವೋ ಎಂದು ಮಾತ್ರ ತಾನೇ? ಸ್ವಲ್ಪ ದಿನ ಹೀಗೆ ತಳ್ಳಿದರೆ ಮದುವೆಯಾಗುತ್ತದೆ, ಮದುವೆಯಾದ ಮೇಲೆ ಬೇರೆ ದಾರಿ ಕಾಣುತ್ತದೆ. ಹೀಗೆ ಮನಸ್ಸು ಗಟ್ಟಿಮಾಡಿಕೊಂಡು ಮೊಗುಡಂಪಲ್ಲಿಗೆ ಫೋನು ಹಚ್ಚಿದ.

ಕಲ್ಯಾಣಪ್ಪನವರಿಗೆ ಬಹಳ ಸಂತೋಷವಾಯಿತು. ನೌಕರಿ ಎಂಥದು ಎಂದು ಕೇಳಿದರು. ಪ್ರಯಾಣಿಕರನ್ನು ಮಾತಾಡಿಸಿ ಅವರ ಅನುಭವ ನೋಡಿಕೊಳ್ಳುವ ಕೆಲಸ ಎಂದು ಅಮರನಾಥ ಹೇಳಿದ. ಪೂರ್ತಿ ಸುಳ್ಳೇನೂ ಅಲ್ಲ. ಕಲ್ಯಾಣಪ್ಪನವರು ಒಳಗೆ ಹೋಗಿ ಯಾರ ಜೊತೆಗೋ ಮಾತಾಡಿ ಬಂದರು. ಬಳೆಯ ಸದ್ದು ಕೇಳಿಸಿತು, ಅದು ಮಾಧುರಿಯದೇ ಇರಬೇಕು ಎಂದು ಅಮರನಾಥನ ಎದೆ ತುಂಬಿ ಬಂತು.

"ನಾಳಿ ದಿನ ಚಲೋ ಅದ. ತಾಂಡೂರಿಗಿ ನಿಮ್ಮ ಮನಿ ನೋಡಾಕ ಬರ್ತೀವಿ, ಎಂಟ್ಹತ್ತು ಮಂದಿ. ಮುಂಜಾನಿ ಜಹೀರಾಬಾದ್‌ನಾಗ ತಾಂಡೂರ್ ಬಸ್ ಹತ್ತತೀವಿ."

ಬಸ್ಸು ಬೇಡ, ನಮ್ಮ ಸಾವ್ಕಾರರ ಜೀಪಿದೆ ಎಂದ ಅಮರನಾಥ. ಹೆಣ್ಣುಮಕ್ಕಳು ಇದ್ದಾರೆ, ಜೀಪಿನಲ್ಲಿ ಇಕ್ಕಟ್ಟು, ಬಸ್ಸೇ ಸರಿ ಎಂದರು. ನಾಡಿದ್ದು ಬನ್ನಿ ಎಂದ. ನಾಡಿದ್ದಿನಿಂದ ದಿನ ಚೆನ್ನಾಗಿಲ್ಲ ಎಂದರು. ಆಮೇಲೆ ಕಲ್ಯಾಣಪ್ಪನವರು ದನಿ ತಗ್ಗಿಸಿ, ಮನೆಯವನಾಗಲಿರುವ ಹುಡುಗನಿಗೆ ಗುಟ್ಟು ಹೇಳುವಂತೆ ಹೇಳಿದರು.

"ಊರಾಗ ಯಾರಿಗೂ ಹೇಳಿಲ್ಲರಿ. ಹೋದ ವರ್ಷ ಬೀದರಿನ ಸಂಬಂಧಕ್ಕ ಹೊಂಟಾಗ ಬಸ್ಸಿನ ಬಾಗಲದಾಗ ಯಾವನೋ ಎಲ್ಲಿಗಿ ಅಂತ ಕೇಳಿಬಿಟ್ಟ. ಅಲ್ಲಿಂದಲೇ ವಾಪಸ್ ಬಂದ್ವಿ, ಆ ಸಂಬಂಧಾನೇ ಬಿಟ್ವಿ. ನಾಳಿ ಹಂಗ ಆಗಬಾರ್ದು. ನೀವು ಬಸ್ ಸ್ಟ್ಯಾಂಡಿನಾಗ ಇದ್ದು ನಮಗ ಹತ್ತಸ್ರಿ. ಇರ್ತೀರಲ್ಲ?"

ಅಮರನಾಥ ಎದುರಿನ ಬೆಂಚನ್ನು ನೋಡಿದ. ನಾಳೆ ಸಾವ್ಕಾರರು ಕೂರುವ ಜಾಗವನ್ನು ಪ್ರೇಮಲಾ ಆಗಲೇ ಒರೆಸುತ್ತಿದ್ದಳು.

"ಇರ್ತೀನ್ರಿ ಕಾಕಾ," ಎಂದ. "ಬಸ್ಸಿನ ಬಾಗಲದಾಗೇ ಇರ್ತೀನಿ. ನನ್ನ ನೌಕರಿನೇ ಅದು."